ಹೊಸ ರೇಡಿಯೇಟರ್ ಹಾಕಿದ ಮೇಲೂ ಘಾಟಿಯಲ್ಲಿ ಕಾರು ಹೀಟ್ ಆಗುತ್ತಿದೆ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. 2013ರ ಪೆಟ್ರೋಲ್ ಕಾರು, 1.2 ಲೀಟರ್ ಎಂಜಿನ್, 92 ಸಾವಿರ ಕಿ.ಮೀ. ಓಡಿದೆ. ಎರಡು ತಿಂಗಳ ಹಿಂದೆ ರೇಡಿಯೇಟರ್‌ನ ಪ್ಲಾಸ್ಟಿಕ್ ಭಾಗ ಬಿರುಕು ಬಿಟ್ಟು ನೀರು ಸೋರಿತು. ಅವತ್ತು ಟೆಂಪರೇಚರ್ ಮುಳ್ಳು ಮೇಲೆ ಹೋಗಿದ್ದರೂ ಮೂರ್ನಾಲ್ಕು ಕಿ.ಮೀ. ಓಡಿಸಿಕೊಂಡೇ ಗ್ಯಾರೇಜ್ ಮುಟ್ಟಿಸಿದೆ. ಹೊಸ ರೇಡಿಯೇಟರ್ ಹಾಕಿದರು. ತೊಂದರೆ ಶುರುವಾಗಿದ್ದು ಆಮೇಲೆ. ಊರೊಳಗೆ ಏನೂ ಇಲ್ಲ, ಹಾಸನಕ್ಕೆ ಹೋಗಿಬಂದರೂ ಏನೂ ಇಲ್ಲ. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮಾತ್ರ ಮುಳ್ಳು ಏರುತ್ತದೆ. ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಇಳಿಯುತ್ತದೆ. ಆಗ ಬಾನೆಟ್ ತೆಗೆದರೆ ಪಕ್ಕದ ಪ್ಲಾಸ್ಟಿಕ್ ಡಬ್ಬಿ ತುಂಬಿ ತುಳುಕುತ್ತಿರುತ್ತದೆ. ಮಾರನೇ ದಿನ ಬೆಳಿಗ್ಗೆ ನೋಡಿದರೂ ಡಬ್ಬಿ ಹಾಗೇ ತುಂಬಿರುತ್ತದೆ. ಆದರೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಅರ್ಧ ಲೀಟರ್‌ನಷ್ಟು ನೀರು ಕಮ್ಮಿ. ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ ತೆಗೆದು ಹಾಕಿದರು. 'ನಮ್ಮೂರಿಗೆ ಅದು ಬೇಡ' ಅಂದರು. ಸರಿಹೋಗಲಿಲ್ಲ. ಈಗ ರೇಡಿಯೇಟರ್ ಕ್ವಾಲಿಟಿ ಸರಿಯಿಲ್ಲ, ಬೇರೆ ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಬೇಡ. ಇನ್ನೊಂದು ರೇಡಿಯೇಟರ್‌ಗೆ ಸದ್ಯಕ್ಕೆ ದುಡ್ಡು ಹಾಕಬೇಡಿ.

ನೀವು ಬರೆದಿರುವುದರಲ್ಲಿ ಘಾಟಿಯ ವಿಷಯಕ್ಕಿಂತ ಬೆಳಗಿನ ವಿಷಯ ನನಗೆ ದೊಡ್ಡದಾಗಿ ಕಂಡಿತು. ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿದೆ. ಡಬ್ಬಿ ತುಂಬಿದೆ, ಆದರೆ ರೇಡಿಯೇಟರ್ ಒಳಗೆ ನೀರು ಕಮ್ಮಿ. ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನಲ್ಲಿ ಹೀಗೆ ಆಗುವುದೇ ಇಲ್ಲ. ಅಲ್ಲಿ ಬೆಳಿಗ್ಗೆ ರೇಡಿಯೇಟರ್ ಬಾಯಿವರೆಗೆ ತುಂಬಿರಬೇಕು, ಡಬ್ಬಿ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಇರಬೇಕು.

ಯಾಕೆ ಅಂದರೆ, ಬಿಸಿಯಾದಾಗ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ಆ ನೀರು, ಹಿಗ್ಗುತ್ತದೆ. ಒಳಗೆ ಒತ್ತಡ ಏರುತ್ತದೆ. ಅದು ಮುಚ್ಚಳದ ಸ್ಪ್ರಿಂಗ್ ತಡೆಯುವಷ್ಟನ್ನು ಮೀರಿದಾಗ ಹೆಚ್ಚಾದ ನೀರು ಸಣ್ಣ ಪೈಪ್ ಹಿಡಿದು ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ಕುಗ್ಗುತ್ತದೆ. ಆಗ ಒಳಗೆ ಎಳೆತ ಹುಟ್ಟಿ, ಅದೇ ಪೈಪಿನಲ್ಲಿ ಡಬ್ಬಿಯ ನೀರು ವಾಪಸ್ ಬರುತ್ತದೆ. ನಿಮ್ಮ ಕಾರಿನಲ್ಲಿ ನೀರು ಹೋಗುತ್ತಿದೆ, ವಾಪಸ್ ಬರುತ್ತಿಲ್ಲ. ವಾಪಸ್ ಬರದ ನೀರಿನ ಜಾಗದಲ್ಲಿ ಗಾಳಿ ಕೂತಿದೆ. ನಿಮಗೆ ಕೇಳುವ ಗುಳುಗುಳು ಸದ್ದು ಆ ಗಾಳಿಯದೇ. ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್‌ನ ಸಣ್ಣ ರೇಡಿಯೇಟರ್ ಒಳಗೆ ನೀರಿನ ಜೊತೆ ಗಾಳಿ ಓಡಾಡುವ ಸದ್ದು.

ಗಾಳಿ ಹಿಡಿದರೆ ಏನಾಗುತ್ತದೆ ಅಂತ ತೋಟ ಇರುವವರಿಗೆ ಹೇಳಿಕೊಡಬೇಕಿಲ್ಲ. ಬಾವಿಯ ಪಂಪಿನ ಫುಟ್ ವಾಲ್ವ್ ಸೋರಿ ಪೈಪಿಗೆ ಗಾಳಿ ಹಿಡಿದರೆ ಮೋಟರ್ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ. ಕಾರಿನ ವಾಟರ್ ಪಂಪ್ ಕೂಡ ಅದೇ ಜಾತಿಯದು. ನೀರನ್ನು ತಳ್ಳುತ್ತದೆ, ಗಾಳಿ ಸಿಕ್ಕಿದರೆ ಸುಮ್ನೆ ತಿರುಗುತ್ತದೆ. ಊರೊಳಗೆ ಎಂಜಿನ್ನಿಗೆ ಹೆಚ್ಚು ಕೆಲಸ ಇಲ್ಲ, ಇರುವ ನೀರಲ್ಲೇ ನಡೆದುಹೋಗುತ್ತದೆ. ಎರಡನೇ ಗೇರಿನಲ್ಲಿ ಲಾರಿಗಳ ಹಿಂದೆ ಘಾಟಿ ಹತ್ತುವಾಗ ಹಾಗೆ ನಡೆಯುವುದಿಲ್ಲ.

ಇಲ್ಲಿ ಒಂದು ಲೆಕ್ಕ ನೋಡೋಣ. ನಿಮ್ಮಂಥ ಕಾರಿನಲ್ಲಿ ಒಟ್ಟು ಕೂಲಂಟ್ ನಾಲ್ಕರಿಂದ ಐದು ಲೀಟರ್ ಇರುತ್ತದೆ. ತಣ್ಣಗಿರುವಾಗಿನಿಂದ ಪೂರ್ತಿ ಬಿಸಿಯಾಗುವವರೆಗೆ ಅದು ಹಿಗ್ಗುವುದು ನೂರಕ್ಕೆ ಐದರಷ್ಟು, ಅಂದರೆ ಕಾಲು ಲೀಟರ್ ಆಸುಪಾಸು. ನಿಮ್ಮಲ್ಲಿ ಕಮ್ಮಿಯಾಗಿರುವುದು ಅರ್ಧ ಲೀಟರ್. ಹಾಗಾದರೆ ಬರೀ ಹಿಗ್ಗಿ ಹೋದದ್ದಲ್ಲ, ಏನೋ ಅದನ್ನು ಹೊರಗೆ ತಳ್ಳಿದೆ. ಒಳಗೆ ಕುದ್ದು ಹುಟ್ಟಿದ ಹಬೆ ತಳ್ಳಿರಬಹುದು. ಇಲ್ಲ, ಸಿಲಿಂಡರ್‌ನಿಂದ ನುಗ್ಗಿದ ಹೊಗೆ ತಳ್ಳಿರಬಹುದು. ಮೊದಲನೆಯದಾದರೆ ಕೆಲವು ನೂರು ರೂಪಾಯಿಯ ಮುಚ್ಚಳದಲ್ಲೇ ಮುಗಿಯಬಹುದು. ಎರಡನೆಯದಾದರೆ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಎಂಜಿನ್ನಿನ ಮೇಲ್ಭಾಗ, ಬಿಚ್ಚಬೇಕು. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಏನನ್ನೂ ಬದಲಾಯಿಸಬಾರದು.

ಮುಚ್ಚಳದಿಂದ ಶುರು ಮಾಡಿ. ಹೊಸ ರೇಡಿಯೇಟರ್ ಹಾಕುವಾಗ ಹಳೆಯ ಮುಚ್ಚಳವನ್ನೇ ತಿರುಗಿಸಿ ಹಾಕಿದರಾ, ಹೊಸದು ಕೊಟ್ಟರಾ ಅಂತ ಕೇಳಿ. ಈ ಮುಚ್ಚಳವನ್ನು ಎಲ್ಲರೂ ಬಾಟಲಿ ಮುಚ್ಚಳದ ಹಾಗೆ ನೋಡುತ್ತಾರೆ. ಅದು ಕುಕ್ಕರ್‌ನ ವೆಯ್ಟ್ ಇದ್ದ ಹಾಗೆ. ಸಕಲೇಶಪುರ ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಎಂಜಿನ್ ಸಹಜವಾಗಿ ಓಡುವುದೇ 90ರಿಂದ 100 ಡಿಗ್ರಿಯಲ್ಲಿ. ಮುಚ್ಚಳ 0.9 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು ಸುಮಾರು 117 ಡಿಗ್ರಿವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲಂಟ್ ಬೆರೆತಿದ್ದರೆ 125ರ ಹತ್ತಿರದವರೆಗೂ ತಡೆಯುತ್ತದೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಇಷ್ಟೂ ಅಂತರ ಕೈಬಿಟ್ಟಂತೆ. ಸಿಲಿಂಡರ್ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಪಕ್ಕದ ನೀರು ಮೊದಲು ಕುದಿಯುತ್ತದೆ. ಹಬೆ ನೀರನ್ನು ಡಬ್ಬಿಗೆ ತಳ್ಳುತ್ತದೆ. ನೀರು ಕಮ್ಮಿಯಾಗಿ ಇನ್ನೂ ಜಾಸ್ತಿ ಕುದಿಯುತ್ತದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು ಕೈಯಲ್ಲಿ ಹಿಡಿಯಿರಿ. ಕೆಳಗಡೆ ದಪ್ಪ ರಬ್ಬರ್ ಬಿಲ್ಲೆ ಇರುತ್ತದೆ. ಅದರ ಮೇಲೆ ರೇಡಿಯೇಟರ್ ಬಾಯಿಯ ಅಂಚು ಒತ್ತಿದ ಉಂಗುರದ ಗುರುತು ಸುತ್ತಲೂ ಒಂದೇ ಸಮ ಕಾಣಬೇಕು. ಒಂದು ಕಡೆ ಗುರುತಿದೆ, ಇನ್ನೊಂದು ಕಡೆ ಇಲ್ಲ ಅಂದರೆ ಅದು ಸರಿಯಾಗಿ ಕೂರುತ್ತಿಲ್ಲ. ಗುರುತೇ ಇಲ್ಲದಿದ್ದರೆ ಮುಚ್ಚಳ ತಳ ಮುಟ್ಟುತ್ತಿಲ್ಲ. ಬಿಲ್ಲೆಯ ನಡುವೆ ಪುಟ್ಟ ಲೋಹದ ತಟ್ಟೆ ಇರುತ್ತದೆ. ಅದನ್ನು ಉಗುರಿನಲ್ಲಿ ಮೆಲ್ಲಗೆ ಎಳೆದು ಬಿಡಿ, ಟಪ್ ಅಂತ ವಾಪಸ್ ಕೂರಬೇಕು. ನೀರು ವಾಪಸ್ ಬರುವ ಬಾಗಿಲು ಅದೇ. ತುಕ್ಕು, ಮಡ್ಡಿ ಹಿಡಿದು ಅಂಟಿಕೊಂಡಿದ್ದರೆ ನೀರು ಬರುವುದಿಲ್ಲ. ಆಗ ಬೆಳಿಗ್ಗೆ ಮೇಲಿನ ಹೋಸ್ ಪೈಪ್ ಯಾರೋ ಹಿಂಡಿದ ಹಾಗೆ ಚಪ್ಪಟೆಯಾಗಿರುತ್ತದೆ.

ರೇಡಿಯೇಟರ್ ಬದಲಾಯಿಸಿದ ಕಾರುಗಳಲ್ಲಿ ಮುಖ್ಯವಾಗಿ ನೋಡಬೇಕಾದ್ದು ಇನ್ನೊಂದಿದೆ. ಎಲ್ಲ ರೇಡಿಯೇಟರ್‌ಗಳ ಬಾಯಿ ಒಂದೇ ಆಳ ಇರುವುದಿಲ್ಲ. ಹೀಗೇ ಹೀಟ್ ಆಗುತ್ತಿದ್ದ ಒಂದು ಕಾರು ಎರಡು ರೇಡಿಯೇಟರ್ ಕಂಡ ಮೇಲೆ ನನ್ನ ಹತ್ತಿರ ಬಂತು. ಮುಚ್ಚಳ ಹೊಸದಾಗಿ ಹೊಳೆಯುತ್ತಿತ್ತು, ಅದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಆ ಮಾಡೆಲ್‌ಗೆ ಸರಿಯಾದ ಇನ್ನೊಂದು ಮುಚ್ಚಳ ತರಿಸಿ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಮಲಗಿಸಿದೆ. ಕಾರಿನಲ್ಲಿದ್ದ ಮುಚ್ಚಳದ ಸ್ಪ್ರಿಂಗ್ ಭಾಗ ಮೂರು ನಾಲ್ಕು ಮಿಲಿಮೀಟರ್ ಗಿಡ್ಡ. ತಿರುಗಿಸಿದರೆ ಸರಿಯಾಗಿ ಲಾಕ್ ಆಗುತ್ತಿತ್ತು, ಆದರೆ ಒಳಗಿನ ಬಿಲ್ಲೆ ಬಾಯಿಯ ತಳವನ್ನು ಒತ್ತುತ್ತಲೇ ಇರಲಿಲ್ಲ. ಹೊರಗಿಂದ ಎಷ್ಟು ನೋಡಿದರೂ ಗೊತ್ತಾಗುವ ವಿಷಯ ಅಲ್ಲ ಅದು. ಸರಿಯಾದ ಮುಚ್ಚಳ ಹಾಕಿ ಗಾಳಿ ತೆಗೆದೆವು. ಮತ್ತೆ ಅದು ಹೀಟ್ ಆಗಲಿಲ್ಲ.

ಹಾಗಾಗಿ ಕಾರಿನ ಮಾಡೆಲ್, ವರ್ಷ ಹೇಳಿ, ಹಳೆಯ ಮುಚ್ಚಳದ ಮೇಲೆ ಬರೆದಿರುವ ನಂಬರ್ ತೋರಿಸಿ ಕಂಪನಿ ಮುಚ್ಚಳವನ್ನೇ ತನ್ನಿ. 0.9 ಇರುವ ಕಡೆ 0.9, 1.1 ಇರುವ ಕಡೆ 1.1. ಜಾಸ್ತಿ ಒತ್ತಡದ್ದು ಹಾಕಿದರೆ ಇನ್ನೂ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಳೆಯ ಹೋಸ್‌ಗಳು, ಹೀಟರ್ ರೇಡಿಯೇಟರ್ ತಡೆಯುವುದಿಲ್ಲ.

ಮುಚ್ಚಳದಷ್ಟೇ ಮುಖ್ಯ ಆ ಸಣ್ಣ ಪೈಪ್. ರೇಡಿಯೇಟರ್ ಬಿಚ್ಚುವಾಗ ಅದನ್ನು ಎಳೆದು ತೆಗೆಯುತ್ತಾರೆ. ಹನ್ನೆರಡು ವರ್ಷ ಹಳೆಯ ರಬ್ಬರ್ ತುದಿಯಲ್ಲಿ ಸೀಳುತ್ತದೆ, ಕ್ಲಿಪ್ ಬಿದ್ದುಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳಿದ್ದರೂ ಸಾಕು. ತಣ್ಣಗಾಗುವಾಗ ಎಂಜಿನ್ ನೀರಿನ ಬದಲು ಆ ಸೀಳಿನಿಂದ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಪೈಪಿನ ಇನ್ನೊಂದು ತುದಿ ಡಬ್ಬಿಯ ತಳದವರೆಗೆ ಮುಳುಗಿರಬೇಕು. ಮೇಲೆ ತೇಲುತ್ತಿದ್ದರೂ ಅದೇ ಕಥೆ. ಈ ಪೈಪನ್ನು ಬಾಯಿಟ್ಟು ಊದಿ, ಎಳೆದು ಪರೀಕ್ಷೆ ಮಾಡಬೇಡಿ, ಕೂಲಂಟ್ ವಿಷ. ಅನುಮಾನ ಬಂದರೆ ಹೊಸ ತುಂಡು ಹಾಕಿಬಿಡಿ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ಹಳೆಯ ರೇಡಿಯೇಟರ್ ಸೋರಿದ ದಿನ ಮುಳ್ಳು ಮೇಲಿದ್ದಾಗಲೇ ಮೂರ್ನಾಲ್ಕು ಕಿ.ಮೀ. ಓಡಿಸಿದಿರಿ. ಗ್ಯಾರೇಜ್ ದೂರ, ರಸ್ತೆಯಲ್ಲಿ ನಿಲ್ಲಿಸಲು ಜಾಗ ಇರಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಅಷ್ಟು ದೂರದಲ್ಲೇ ಹೆಡ್ ಸೊಟ್ಟಗಾಗಬಹುದು. ಹೆಡ್ ಅಲ್ಯೂಮಿನಿಯಂ. ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ನೀರಿಲ್ಲದೆ ಒಂದು ಕಡೆ ಮಾತ್ರ ಕಾದರೆ ಸಮನಾಗಿ ಹಿಗ್ಗುವುದಿಲ್ಲ. ಹಲವು ಎಂಜಿನ್‌ಗಳಲ್ಲಿ ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗ ಬಾಗಿದರೂ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಕೆಳಗಿನ ಎಂಜಿನ್ನಿಗೂ ನಡುವೆ ಸಂದಿ ಮುಚ್ಚುವ ತೆಳು ಹಾಳೆ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಗ್ಯಾಸ್ಕೆಟ್ ಸ್ವಲ್ಪವೇ ಹೋಗಿದ್ದರೆ ಲಕ್ಷಣ ನಿಮ್ಮ ಕಾರಿನ ಹಾಗೇ ಇರುತ್ತದೆ. ಐಡಲ್‌ನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಕಮ್ಮಿ, ಏನೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಹತ್ತಾರು ಬಾರ್ ಏರುತ್ತದೆ. ಆಗ ಉರಿದ ಹೊಗೆ ಆ ಸಣ್ಣ ಸಂದಿಯಲ್ಲಿ ನೀರಿನ ದಾರಿಗೆ ನುಗ್ಗುತ್ತದೆ, ನೀರನ್ನು ಡಬ್ಬಿಗೆ ತಳ್ಳುತ್ತದೆ. ಎಣ್ಣೆ ಹಾಲಿನ ಹಾಗೆ ಆಗಬೇಕು, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರಬೇಕು, ಆಗ ಮಾತ್ರ ಗ್ಯಾಸ್ಕೆಟ್ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೊಗೆ ನೀರಿಗೆ ಮಾತ್ರ ಸೇರುವ ಜಾಗದಲ್ಲಿ ಸಂದಿ ಬಿದ್ದಿದ್ದರೆ ಎಣ್ಣೆ ಜೇನಿನ ಬಣ್ಣದಲ್ಲೇ ಇರುತ್ತದೆ.

ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಬೆಳಿಗ್ಗೆ ತಣ್ಣನೆಯ ಎಂಜಿನ್. ರೇಡಿಯೇಟರ್ ಬಾಯಿವರೆಗೆ ತುಂಬಿಸಿ ಮುಚ್ಚಳ ಹಾಕಿ. ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಹಿಡಿದುಕೊಳ್ಳಿ. ಕೈ ಫ್ಯಾನ್‌ನಿಂದ ದೂರ ಇರಲಿ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದೊಳಗೆ, ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದು ಬಿಸಿಯಿಂದ ಬಂದ ಒತ್ತಡ ಅಲ್ಲ, ಹೊಗೆಯ ಒತ್ತಡ. ಆಗ ಮುಚ್ಚಳ ಬಿಚ್ಚಲು ಹೋಗಬೇಡಿ, ಎಂಜಿನ್ ಆಫ್ ಮಾಡಿ ಒತ್ತಡ ಇಳಿಯುವವರೆಗೆ ಬಿಡಿ. ಹೋಸ್ ಮೆತ್ತಗೇ ಇದ್ದರೆ, ಇನ್ನೊಂದು ದಿನ ಗಾಳಿ ತೆಗೆದ ಮೇಲೆ ಎಂಜಿನ್ ಬಿಸಿಯಾಗಿರುವಾಗ ಡಬ್ಬಿಯನ್ನು ಗಮನಿಸಿ. ಆಗೊಂದು ಈಗೊಂದು ಗುಳ್ಳೆ ಬಂದು ನಿಂತುಹೋದರೆ ಉಳಿದಿದ್ದ ಗಾಳಿ ಹೊರಗೆ ಬಂತು ಅಂತ. ಅರ್ಧ ಗಂಟೆ ಆದರೂ ಒಂದೇ ಸಮ ಗುಳ್ಳೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿಯಾದರೆ, ಅದು ಸಿಲಿಂಡರ್‌ನದು.

ಇದಕ್ಕಿಂತ ಖಚಿತವಾದ ಪರೀಕ್ಷೆ ಬೇಕಿದ್ದರೆ ಹಾಸನದಲ್ಲೋ ಮಂಗಳೂರಿನಲ್ಲೋ ಸ್ವಲ್ಪ ದೊಡ್ಡ ಗ್ಯಾರೇಜಿನಲ್ಲಿ ಕೇಳಿ. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ನಳಿಗೆ ಇಡುತ್ತಾರೆ, ಅದರಲ್ಲಿ ನೀಲಿ ದ್ರವ ಇರುತ್ತದೆ. ನೀರಿನ ಮೇಲೆ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಹತ್ತು ನಿಮಿಷದ ಕೆಲಸ. ಜೊತೆಗೆ ಪ್ರೆಷರ್ ಟೆಸ್ಟ್ ಮಾಡಿಸಿ. ಸೈಕಲ್ ಪಂಪಿನಂಥ ಉಪಕರಣದಿಂದ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡುತ್ತಾರೆ. ಅಲ್ಲಿ ಮುಳ್ಳು ಇಳಿದರೆ ಎಲ್ಲೋ ಸೋರಿಕೆ ಇದೆ. ಹೊಸ ಕ್ಲಿಪ್ ಹಾಕಿದ ಹೋಸ್ ತುದಿಗಳನ್ನು ಮೊದಲು ನೋಡಿ.

ಹೊಗೆ ಸಿಕ್ಕಿತು ಅಂದರೆ ಹೆಡ್ ಬಿಚ್ಚಲೇಬೇಕು. ಆಗ ಬರೀ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚಲು ಬಿಡಬೇಡಿ. ಹೆಡ್ಡನ್ನು ಲೇತ್ ಅಂಗಡಿಗೆ ಕಳಿಸಿ ಸಮತಟ್ಟಾಗಿದೆಯಾ, ಬಿರುಕು ಇದೆಯಾ ನೋಡಿಸಿ. ಬಾಗಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮೈಯನ್ನು ತೆಳ್ಳಗೆ ಹೆರೆದು ಸಮ ಮಾಡಿಸಿ. ಸೊಟ್ಟ ಹೆಡ್ ಕೆಳಗೆ ಹೊಸ ಗ್ಯಾಸ್ಕೆಟ್ ಇಟ್ಟರೆ ಆರು ತಿಂಗಳಲ್ಲಿ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ. ರೇಡಿಯೇಟರ್‌ಗೆ ಸುರಿಯುವ ಲೀಕ್ ನಿಲ್ಲಿಸುವ ಪುಡಿ, ದ್ರವ ಯಾವುದನ್ನೂ ಹಾಕಿಸಬೇಡಿ. ಅದು ಮೊದಲು ಮುಚ್ಚುವುದು ಹೀಟರ್‌ನ ಸಣ್ಣ ಕೊಳವೆಗಳನ್ನು, ಮತ್ತು ನೀವು ದುಡ್ಡು ಕೊಟ್ಟು ಹಾಕಿಸಿದ ಹೊಸ ರೇಡಿಯೇಟರ್‌ನ ಕೊಳವೆಗಳನ್ನು.

ಥರ್ಮೋಸ್ಟಾಟ್ ವಾಪಸ್ ಹಾಕಿಸಿ. ನೀರು ಬಿಸಿಯಾಗುವವರೆಗೆ ರೇಡಿಯೇಟರ್ ಕಡೆಯ ದಾರಿ ಮುಚ್ಚಿಟ್ಟು, ಆಮೇಲೆ ತೆರೆಯುವ ವಾಲ್ವ್ ಅದು. ಇದರಲ್ಲಿ ರಾಜಿ ಬೇಡ. ನಾನು ಕೆಲಸ ಕಲಿಯುವಾಗ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಅದನ್ನು ಕಿತ್ತು ಎಸೆಯುವುದು ಮಾಮೂಲಿ ಆಗಿತ್ತು. 'ತಣ್ಣನೆ ದೇಶಗಳಿಗೆ ಮಾಡಿದ್ದು' ಅನ್ನುತ್ತಿದ್ದರು. ಕಾರ್ಬ್ಯುರೇಟರ್ ಎಂಜಿನ್ ಅದನ್ನು ಹೇಗೋ ಸಹಿಸುತ್ತಿತ್ತು. ಈಗಿನ ಎಂಜಿನ್ ಕಂಪ್ಯೂಟರ್ ಹೇಳಿದ ಹಾಗೆ ನಡೆಯುತ್ತದೆ. ನೀರು ಬಿಸಿಯಾಗದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಅದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ, ಎಣ್ಣೆ ಕೆಡುತ್ತದೆ.

ಇನ್ನೂ ಒಂದು ತೊಂದರೆ ಇದೆ, ಅದು ನಿಮಗೆ ನೇರವಾಗಿ ಸಂಬಂಧಿಸಿದ್ದು. ಕೆಲವು ಎಂಜಿನ್‌ಗಳ ಥರ್ಮೋಸ್ಟಾಟ್‌ಗೆ ಎರಡು ತಟ್ಟೆ ಇರುತ್ತವೆ. ಒಂದು ರೇಡಿಯೇಟರ್ ಕಡೆಯ ದಾರಿ ತೆರೆಯುವಾಗ ಇನ್ನೊಂದು ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್ನಿಗೆ ವಾಪಸ್ ಹೋಗುತ್ತದೆ. ತಣ್ಣಗಾಗಲಿ ಅಂತ ತೆಗೆದದ್ದೇ ಘಾಟಿಯಲ್ಲಿ ಬಿಸಿ ಏರಿಸುತ್ತದೆ. ತೆಗೆದ ವಾಲ್ವ್ ಇನ್ನೂ ಗ್ಯಾರೇಜಿನಲ್ಲಿದ್ದರೆ ಕೇಳಿ ನೋಡಿ. ಸ್ಪ್ರಿಂಗ್ ತುದಿಯಲ್ಲಿ ಕೆಳಗೆ ಇನ್ನೊಂದು ಬಿಲ್ಲೆ ಇದೆಯಾ? ಇದ್ದರೆ ಅದು ಈ ಜಾತಿಯದು.

ವಾಲ್ವ್ ಕೆಲಸ ಮಾಡುತ್ತದಾ ಅಂತ ನೋಡಲು ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಡಿ. ಮೇಲೆ 82 ಅಂತ ಬರೆದಿದ್ದರೆ 82 ಡಿಗ್ರಿ ಹತ್ತಿರ ಬಾಯಿ ಬಿಡಲು ಶುರು ಮಾಡಬೇಕು, 88 ಅಂತ ಇದ್ದರೆ 88ರಲ್ಲಿ. ನಿಮ್ಮೂರಲ್ಲಿ ನೀರು 97ಕ್ಕೇ ಕುದಿಯುವುದರಿಂದ 88ರ ವಾಲ್ವ್ ಪಾತ್ರೆಯಲ್ಲಿ ಪೂರ್ತಿ ತೆರೆಯದೆ ಇರಬಹುದು. ಅದಕ್ಕೆ ಗಾಬರಿ ಬೇಡ. ಆದರೂ ನನ್ನ ಮಾತು ಕೇಳುವುದಾದರೆ, ಹನ್ನೆರಡು ವರ್ಷದ ಹಳೆಯ ವಾಲ್ವ್ ಮತ್ತೆ ಹಾಕುವುದಕ್ಕಿಂತ ಹೊಸದೇ ಹಾಕಿಸಿ. ಅದರಲ್ಲಿ ಪುಟ್ಟ ಅಲ್ಲಾಡುವ ಪಿನ್ ಇದ್ದರೆ ಅದು ಮೇಲ್ಮುಖವಾಗಿ ಕೂರಬೇಕು. ಗಾಳಿ ಹೊರಗೆ ಹೋಗುವ ದಾರಿ ಅದು.

ಇನ್ನು ಗಾಳಿ ತೆಗೆಯುವ ಕೆಲಸ. ಇದನ್ನು ಅವಸರದಲ್ಲಿ ಮಾಡಿದರೆ ಮೇಲಿನದೆಲ್ಲ ವ್ಯರ್ಥ. ಕಾರಿನ ಮುಂಭಾಗ ಎತ್ತರಕ್ಕೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಮೇಲೆ ಇರಬೇಕು. ಹೀಟರ್ ಗುಂಡಿ ಪೂರ್ತಿ ಬಿಸಿ ಕಡೆಗೆ ತಿರುಗಿಸಿ, ಬ್ಲೋವರ್ ಕಮ್ಮಿಯಲ್ಲಿಡಿ, ಎಸಿ ಬೇಡ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಕೂಲಂಟ್ ನಿಧಾನವಾಗಿ ಸುರಿಯಿರಿ. ಸುರಿಯುತ್ತಾ ಮೇಲಿನ ಮತ್ತು ಕೆಳಗಿನ ಹೋಸ್‌ಗಳನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ಹಿಂಡುತ್ತಾ ಇರಿ. ಡುಬುಕ್ ಅಂತ ಗುಳ್ಳೆ ಬಂದು ನೀರು ಇಳಿಯುತ್ತದೆ. ಮತ್ತೆ ತುಂಬಿಸಿ. ಗಾಳಿ ಬಿಡುವ ಸ್ಕ್ರೂ ಇರುವ ಕಾರಾದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ನೀರು ಬಂದಾಗ ಬಿಗಿ ಮಾಡಿ.

ಆಮೇಲೆ ಮುಚ್ಚಳ ತೆಗೆದಿರುವಾಗಲೇ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ರೇಸ್ ಮಾಡಬೇಡಿ. ಮುಖ ಬಾಯಿಯ ಮೇಲೆ ತರಬೇಡಿ. ಹತ್ತು ಹದಿನೈದು ನಿಮಿಷಕ್ಕೆ ಥರ್ಮೋಸ್ಟಾಟ್ ತೆರೆಯುತ್ತದೆ. ಬಾಯಿಯಲ್ಲಿ ನೀರು ಥಟ್ಟನೆ ಇಳಿಯುತ್ತದೆ, ಹರಿಯುವುದು ಕಾಣುತ್ತದೆ, ಕೆಳಗಿನ ಹೋಸ್ ಬಿಸಿಯಾಗತೊಡಗುತ್ತದೆ. ಇಳಿದಷ್ಟು ತುಂಬಿಸಿ, ಮುಚ್ಚಳ ಹಾಕಿ. ರೇಡಿಯೇಟರ್ ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಬಿಡಿ. ಒಳಗೆ ಕೂತು ಹೀಟರ್ ಗಾಳಿ ಮುಟ್ಟಿ ನೋಡಿ, ಚೆನ್ನಾಗಿ ಬಿಸಿ ಬರಬೇಕು. ತಣ್ಣನೆ ಗಾಳಿ ಬಂದರೆ ಅಲ್ಲಿ ಇನ್ನೂ ಗಾಳಿ ಸಿಕ್ಕಿಕೊಂಡಿದೆ. ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಡಿ, ಮತ್ತೆ ಮಾಡಿ. ಒಂದೇ ಸಲಕ್ಕೆ ಹೋಗದಿರುವುದೇ ಹೆಚ್ಚು.

ಏನು ಸುರಿಯಬೇಕು? ಅಂಗಡಿಯಲ್ಲಿ ಎರಡು ತರಹ ಸಿಗುತ್ತದೆ. ನೇರವಾಗಿ ಹಾಕುವುದು ಒಂದು, ನೀರು ಬೆರೆಸಿ ಹಾಕುವುದು ಇನ್ನೊಂದು. ಡಬ್ಬದ ಹಿಂದೆ ಓದಿ. ಬೆರೆಸುವ ತರಹದ್ದನ್ನು ಹಾಗೇ ಸುರಿದರೆ ಇನ್ನೂ ಗಟ್ಟಿ, ಇನ್ನೂ ಒಳ್ಳೆಯದು ಅಂತ ಅಂದುಕೊಳ್ಳುತ್ತಾರೆ. ಉಲ್ಟಾ. ಬಿಸಿಯನ್ನು ಹೊತ್ತುಕೊಂಡು ಹೋಗುವುದರಲ್ಲಿ ನೀರು ಬೆರೆಸದ ಕೂಲಂಟ್ ದ್ರವ ನೀರನ್ನು ಮೀರಿಸುವುದಿಲ್ಲ, ಅದರ ಶಕ್ತಿ ನೀರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ಬಿಸಿನೀರಿನ ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಎಂಜಿನ್ ಒಳಗೆ ಕಟ್ಟುತ್ತದೆ. ಹಳೆಯ ಹಸಿರು ಕೂಲಂಟ್ ಮೇಲೆ ಬೇರೆ ಜಾತಿಯದನ್ನು ಸುರಿದಿದ್ದಾರೆ ಅನ್ನಿಸಿದರೆ ಎಲ್ಲ ತೆಗೆದು ತೊಳೆಸಿ. ತೆಗೆದದ್ದನ್ನು ಅಂಗಳದಲ್ಲಿ ಇಡಬೇಡಿ. ಸಿಹಿಯಾಗಿರುತ್ತದೆ, ನಾಯಿ, ಬೆಕ್ಕು, ಕರು ನೆಕ್ಕಿದರೆ ಬದುಕುವುದು ಕಷ್ಟ.

ರೇಡಿಯೇಟರ್ ಮೇಲಿನ ಅನುಮಾನ ಪೂರ್ತಿ ತಪ್ಪು ಅಂತ ಹೇಳುತ್ತಿಲ್ಲ. ಒಂದೇ ಅಳತೆಯ ಚೌಕಟ್ಟಿನಲ್ಲಿ ತೆಳು ಕೋರ್, ಅಂದರೆ ನೀರು ಹರಿಯುವ ಕೊಳವೆಗಳಿರುವ ನಡುಭಾಗ ತೆಳುವಾಗಿರುವ ರೇಡಿಯೇಟರ್ ಬರುತ್ತದೆ. ಪಾರ್ಟ್ ನಂಬರ್ ಹೋಲಿಸಿ ನೋಡಿ. ಹಳೆಯದು ಗ್ಯಾರೇಜಿನಲ್ಲೇ ಬಿದ್ದಿದ್ದರೆ ಎರಡರ ದಪ್ಪ ಅಳೆಯಿರಿ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ಸುತ್ತ ಸ್ಪಂಜಿನ ಪಟ್ಟಿಗಳಿರುತ್ತವೆ. ಬಿಚ್ಚಿ ಹಾಕುವಾಗ ಅವು ಕಳೆದುಹೋಗಿದ್ದರೆ ಮತ್ತೆ ಅಂಟಿಸಿ, ಇಲ್ಲದಿದ್ದರೆ ಗಾಳಿ ರೇಡಿಯೇಟರ್ ಒಳಗೆ ಹಾಯದೆ ಪಕ್ಕದಲ್ಲಿ ನುಸುಳುತ್ತದೆ.

ಫ್ಯಾನ್ ಕೂಡ ಒಂದು ಸಲ ನೋಡಿಬಿಡಿ. ಊರೊಳಗೆ ಸರಿಯಿದೆ ಅಂದಮೇಲೆ ಓಡುತ್ತಿದೆ. ಆದರೆ ಎರಡು ಸ್ಪೀಡ್ ಇರುವ ಫ್ಯಾನ್ ಆದರೆ ದೊಡ್ಡ ಸ್ಪೀಡ್ ಸತ್ತಿರಬಹುದು, ಅದು ಗೊತ್ತಾಗುವುದು ಘಾಟಿಯಲ್ಲೇ. ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದ್ದ ಕಾರನ್ನೂ ನೋಡಿದ್ದೇನೆ. ಫ್ಯಾನ್ ಓಡುವಾಗ ಮುಂದಿನ ಜಾಲರಿಗೆ ಒಂದು ಹಾಳೆ ಪೇಪರ್ ಹಿಡಿಯಿರಿ. ಅಂಟಿಕೊಳ್ಳಬೇಕು. ಹಾರಿದರೆ ಉಲ್ಟಾ.

ಇಷ್ಟು ಮುಗಿಯುವವರೆಗೆ ಮಂಗಳೂರಿಗೆ ಬಸ್ಸಿನಲ್ಲೇ ಹೋಗಿಬನ್ನಿ. ಹೋಗಲೇಬೇಕಾಗಿ ಬಂದು ಘಾಟಿಯಲ್ಲಿ ಮುಳ್ಳು ಅಲ್ಲಾಡಿದರೆ ಅದೇ ಕ್ಷಣ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗಿಟ್ಟು ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ, ಮೊದಲು ಸಿಕ್ಕ ಅಗಲದ ಜಾಗದಲ್ಲಿ ನಿಲ್ಲಿಸಿ. ಕೆಂಪು ಮುಟ್ಟಲಿ ಅಂತ ಕಾಯಬೇಡಿ. ಈಗಿನ ಕಾರುಗಳಲ್ಲಿ ಮುಳ್ಳನ್ನು ನಡುವೆಯೇ ನಿಲ್ಲುವ ಹಾಗೆ ಮಾಡಿರುತ್ತಾರೆ, ಅದು ಅಲ್ಲಾಡುವ ಹೊತ್ತಿಗೆ ಒಳಗೆ ಬಿಸಿ ಆಗಲೇ ತುಂಬಾ ಏರಿರುತ್ತದೆ. ಹಬೆ ಇಲ್ಲದಿದ್ದರೆ, ಫ್ಯಾನ್ ಓಡುತ್ತಿದ್ದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಹಬೆ ಬರುತ್ತಿದ್ದರೆ ತಕ್ಷಣ ಆಫ್. ಮುಚ್ಚಳ ಮುಟ್ಟಬೇಡಿ. ಮೇಲಿನ ಹೋಸ್ ಕೈಗೆ ಮೆತ್ತಗೆ ಸಿಗುವವರೆಗೆ, ಮುಕ್ಕಾಲು ಗಂಟೆಯಾದರೂ ಆಗಲಿ, ಕಾಯಿರಿ. ಬಾಟಲಿ ನೀರನ್ನು ಎಂಜಿನ್ ಮೇಲೆ ಸುರಿಯಬೇಡಿ, ಹೆಡ್ ಸೀಳುತ್ತದೆ.

ಮುಚ್ಚಳ, ಸಣ್ಣ ಪೈಪ್, ಥರ್ಮೋಸ್ಟಾಟ್ ಹಾಕಿಸಿ ಗಾಳಿ ತೆಗೆದ ರಾತ್ರಿ ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಆ ಗೆರೆಗಿಂತ ಕೆಳಗೆ ಇಳಿದಿದ್ದು, ರೇಡಿಯೇಟರ್ ಬಾಯಿವರೆಗೆ ತುಂಬಿದ್ದರೆ ನೀರು ವಾಪಸ್ ಬರಲು ಶುರುವಾಗಿದೆ. ನಾಲ್ಕೈದು ದಿನ ಹಾಗೇ ಬಂದರೆ ಮೊದಲು ದೋಣಿಗಲ್‌ವರೆಗೆ ಇಳಿದು ಹತ್ತಿ ನೋಡಿ. ಮತ್ತೆ ಡಬ್ಬಿ ತುಂಬಿ ರೇಡಿಯೇಟರ್ ಖಾಲಿಯಾಗಿದ್ದರೆ ಇನ್ನೇನೂ ಬದಲಾಯಿಸದೆ ಆ ನೀಲಿ ದ್ರವದ ಪರೀಕ್ಷೆಗೆ ಗಾಡಿಯನ್ನು ಹಾಸನಕ್ಕೆ ಒಯ್ಯಿರಿ. ಆ ಕಡೆ ಘಾಟಿ ಇಲ್ಲ, ಎಸಿ ಹಾಕದೆ ನಿಧಾನಕ್ಕೆ ಹೋಗಿ.